ಭಂಗಿಯ ಬೀಜವೂ ದಂಟೂ

ಭಂಗಿಯೆಂದೊಡನೆ ಇಂದಿನವರ ಮನಸ್ಸಿಗೆ ಬರುವುದು ಚಿಲುಮೆಯ ಹೊಗೆ, ಇಲ್ಲವೆ ನ್ಯಾಯಾಲಯದ ದಂಡನೆ. ಪ್ರಾಚೀನ ಶಾಸ್ತ್ರಕಾರರಿಗೆ ಅದು ಹೀಗೆ ತೋರಿರಲಿಲ್ಲ. ಅಮರಸಿಂಹನು ‘ಭಂಗಾ’ ಶಬ್ದವನ್ನೂ ಅದರ ಪರ್ಯಾಯವಾದ ‘ಮಾತುಲಾನೀ’ ಶಬ್ದವನ್ನೂ ಹೇಳಿರುವುದು ತನ್ನ ಕೋಶದ ವೈಶ್ಯವರ್ಗದಲ್ಲಿ, ಬೇಸಾಯದ ಧಾನ್ಯಗಳ ನಡುವೆ. ಶೂದ್ರವರ್ಗದಲ್ಲಿ ಬರುವ ಮದ್ಯದ ಹೆಸರುಗಳ ಜೊತೆಯಲ್ಲಿ ಅಲ್ಲ. ಅವನಿಗಿಂತ ಬಹು ಹಿಂದಿನವನಾದ ಪಾಣಿನಿಯು ಅಷ್ಟಾಧ್ಯಾಯಿಯ 5-2-4ನೆಯ ಸೂತ್ರದಲ್ಲಿ ಎಳ್ಳು, ಉದ್ದು, ಅಗಸೆ, ಭಂಗಾ, ಅಣುವೆಂಬ ಸಣ್ಣ ಧಾನ್ಯ ಇವೈದನ್ನೂ ಒಂದೇ ಸಾಲಿನಲ್ಲಿ ಹಿಡಿದು, ಅವು ಬೆಳೆಯುವ ಹೊಲವನ್ನು ಹೇಳುವಾಗ ಬರತಕ್ಕ ಪ್ರತ್ಯಯವನ್ನು ವಿಧಿಸಿದ್ದಾನೆ. ಆ ಪ್ರಕಾರ ಭಂಗಾ ಬೆಳೆಯುವ ಹೊಲವು ‘ಭಂಗ್ಯ’ವೆಂದಾದರೂ ‘ಭಾಂಗೀನ’ವೆಂದಾದರೂ ಆಗಬಹುದು. ಹಿತ್ತಲಿನ ಮೂಲೆಯಲ್ಲಿ ನಾಲ್ಕು ಗಿಡ ಬೆಳಸುವ ಪದಾರ್ಥಕ್ಕೆ ವೈಯಾಕರಣನು ಹೊಲದ ಹೆಸರನ್ನು ಹುಡುಕಬೇಕಾದುದಿಲ್ಲ. ಇದರ ನೆರೆಯವರನ್ನು ನೋಡಿದರೆ ಒಂದು ಎಣ್ಣೆಕಾಳು, ಒಂದು ಬೇಳೆ, ಎಣ್ಣೆಯನ್ನೂ ನಾರನ್ನೂ ಕೊಡುವ ಅಗಸೆ. ಭಂಗಿಯನ್ನೂ ಅದರ ಕಾಳಿಗಾಗಿ, ನಾರಿಗಾಗಿ ಬಿತ್ತುತ್ತಿದ್ದರೆಂದು ಊಹಿಸುವುದೇ ಯುಕ್ತ.

ಹೀಗಿದ್ದ ಮೇಲೆ, ಈಚಿನ ಶತಮಾನಗಳಲ್ಲಿ ಹೊಗೆ ಸೇದುವವನು ಕಸವೆಂದು ಆಯ್ದು ಎಸೆಯುವ ಬೀಜ ಮತ್ತು ದಂಟುಗಳೇ ಒಂದು ಕಾಲದ ಒಕ್ಕಲಿಗನ ಮುಖ್ಯ ಫಲವಾಗಿದ್ದುವೆಂದು ಹೇಳಬೇಕಾಗುತ್ತದೆ. ಕನ್ನಡನಾಡಿನಲ್ಲಿ ಈ ಎರಡು ಭಾಗಗಳಿಗೆ ಆ ಬೆಲೆ ಏಕೆ ಉಳಿಯಲಿಲ್ಲವೆಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಉತ್ತರವನ್ನು ಶಬ್ದಗಳಲ್ಲಿಯೇ ಹುಡುಕಬಹುದು. ಕನ್ನಡದಲ್ಲಿ ‘ಭಂಗಿ’ ಎಂಬುದು ಸಂಸ್ಕೃತದ ಭಂಗಾ ಶಬ್ದದಿಂದ ಬಂದುದು. ‘ಗಾಂಜಾ’ ಎಂಬುದು ಉತ್ತರದ ಭಾಷೆಗಳ ಮೂಲಕ ಬಂದು ನೆಲೆಸಿದ ಮಾತು. ಎರಡೂ ಅಮಲನ್ನೇ ಸೂಚಿಸುತ್ತವೆ. ನಾರನ್ನು ಸೂಚಿಸುವ ಕನ್ನಡದ ಮಾತುಗಳು ಬೇರೆ: ಸೆಣಬು, ಪುಂಡಿ, ಕತ್ತಾಳೆ. ಇಂಗ್ಲಿಷಿನಲ್ಲಿ ‘ಹೆಂಪ್’ ಎಂಬ ಒಂದೇ ಶಬ್ದವು ಭಂಗಿಗಿಡಕ್ಕೂ, ವಿಶೇಷಣಗಳನ್ನು ಸೇರಿಸಿದಾಗ ಸೆಣಬಿಗೂ ಪುಂಡಿಗೂ ಸಲ್ಲುತ್ತದೆ. ಆದಕಾರಣ ಅನುವಾದಗಳಲ್ಲಿ ಭಂಗಿ ಇರಬೇಕಾದಲ್ಲಿ ಸೆಣಬೂ, ಸೆಣಬು ಇರಬೇಕಾದಲ್ಲಿ ಭಂಗಿಯೂ ಬಂದು ಓದುವವರನ್ನು ದಾರಿತಪ್ಪಿಸಿವೆ. ಸೆಣಬು ಹುರುಳಿ, ಅವರೆಗಳ ಕುಲಕ್ಕೆ ಸೇರಿದ ಹಳದಿ ಹೂವಿನ ಗಿಡ. ಪುಂಡಿಯು ದಾಸವಾಳದ ಕುಲದ್ದು. ಪುಂಡಿಯ ಎಲೆಯ ಸೀಳು ಭಂಗಿಯ ಎಲೆಯನ್ನು ಹೋಲುವುದರಿಂದ ಲಿನ್ನೇಯಸನು ಅದಕ್ಕೆ ‘ಕ್ಯಾನಬಿನಸ್’, ಅಂದರೆ ಭಂಗಿಯಂತಹುದು, ಎಂದು ಹೆಸರಿಟ್ಟನು. ಹೋಲಿಕೆ ಅಷ್ಟಕ್ಕೇ ಮುಗಿಯಿತು. ಪುಂಡಿಯ ಸೊಪ್ಪನ್ನು ಸಾರಿಗೆ ಹಾಕುವ ಮನೆಗಳಲ್ಲಿ ಯಾರಿಗೂ ಅಮಲು ಏರಿದುದಿಲ್ಲ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಜಯಮಂಗಲಿಯ ಆಚೀಚೆಯ ಕೆಲವು ಭೂಮಿಗಳನ್ನು ಬಿಟ್ಟರೆ ಪುರವರ ಮೊದಲಾದ ಹೋಬಳಿಗಳದು ಮಳೆಯನ್ನೇ ನಂಬಿದ ಕೆಂಪುನೆಲ. ಇಂತಹ ಸೀಮೆಯ ಬೇಸಾಯಕ್ಕೆ ಹಗ್ಗ, ಮಿಣಿ, ಗೋಣಿ ಇವು ಪ್ರತಿದಿನವೂ ಬೇಕಾದುವು. ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಂತೂ ಹಗ್ಗವಿಲ್ಲದೆ ತೋಟವೇ ಇಲ್ಲ. ಈ ಅಗತ್ಯವನ್ನು ಸೆಣಬೂ ಪುಂಡಿಯೂ ಬೇಲಿಯ ಕತ್ತಾಳೆಯೂ ಪೂರೈಸುತ್ತಿದ್ದುವು. ಪಾವಗಡದ ಕಡೆ ತೆಲುಗು ಮಾತನಾಡುವವರು ಸೆಣಬನ್ನು ‘ಜನುಮು’ ಎನ್ನುತ್ತಾರೆ. ಅದರ ನಾರಿನಿಂದ ಚೀಲ ನೇಯುವುದನ್ನೇ ಕುಲವೃತ್ತಿಯಾಗಿ ಹೊಂದಿದ್ದ ಗೋಣಿಗರೆಂಬ ಜನ ಮೈಸೂರು ಸೀಮೆಯಲ್ಲಿದ್ದರು. ಇಂಗ್ಲಿಷಿನ ‘ಗನ್ನಿ’ ಶಬ್ದವು ಈ ಗೋಣಿಯ ಬಳಗದ್ದೇ. 1800ರಲ್ಲಿ ಫ್ರಾನ್ಸಿಸ್ ಬುಕಾನನನು ಈ ಸೀಮೆಗಳಲ್ಲಿ ಸಂಚರಿಸಿ ಹೊಲದ ಬೆಳೆಗಳನ್ನು ಬರೆದಿಟ್ಟಾಗ ಗೋಣಿಗೆ ಮೂಲವೆಂದು ಗುರುತಿಸಿದುದು ಈ ಸೆಣಬನ್ನೇ. ನಾರಿಗೆ ಇಷ್ಟು ಮಂದಿ ಒಡೆಯರಿದ್ದ ನಾಡಿನಲ್ಲಿ ಭಂಗಿಯ ದಂಟನ್ನು ಯಾರೂ ಕೇಳಲಿಲ್ಲ.

ಸಸ್ಯದ ಸ್ವಭಾವವೂ ಇದಕ್ಕೆ ಸಹಾಯಕವಾಯಿತು. ಭಂಗಿಯನ್ನು ಒತ್ತೊತ್ತಾಗಿ ಬಿತ್ತಿದರೆ ಗಿಡ ಕೊಂಬೆಯೊಡೆಯದೆ ನೇರವಾಗಿ ಎತ್ತರಕ್ಕೆ ಬೆಳೆದು ಉದ್ದನೆಯ ನಾರನ್ನು ಕೊಡುತ್ತದೆ. ವಿರಳವಾಗಿ ನೆಟ್ಟರೆ ಪೊದೆಯಂತೆ ಹರಡಿ ಹೂವಿನ ತೆನೆ ಹೆಚ್ಚುತ್ತದೆ. ನಾರು ಕುಳ್ಳಾಗಿ, ಒರಟಾಗಿ ಕೆಡುತ್ತದೆ. ಬಯಲುನಾಡಿನವರು ಮಾಡಿದುದು ಎರಡನೆಯದನ್ನು. ಹಡಗಿನ ಹಗ್ಗಕ್ಕೆ ರಷ್ಯಾದೇಶದ ನಾರನ್ನು ನೆಚ್ಚಿಕೊಂಡಿದ್ದ ಇಂಗ್ಲಿಷರು ಹಿಂದೂದೇಶದ ಭಂಗಿಯಿಂದ ಅದನ್ನು ತೆಗೆಯಲು ಹತ್ತೊಂಬತ್ತನೆಯ ಶತಮಾನದ ಆದಿಯಿಂದ ಪ್ರಯತ್ನಿಸಿದರು. ಈ ದೇಶದ ನಾರುಗಿಡಗಳನ್ನು ಕುರಿತು 1855ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ ರಾಯಿಲನು ಈ ಬೇಸಾಯಭೇದವನ್ನು ಬಲ್ಲವನಾಗಿದ್ದನು. ಹಿಮಾಲಯದ ಇಳಿಜಾರುಗಳಲ್ಲಲ್ಲದೆ ಬಯಲಿನಲ್ಲಿ ಆ ಉದ್ಯಮ ಬೇರೂರಲಿಲ್ಲ.

ಇನ್ನು ಹೊಗೆಯ ವಿಷಯ. ಪಳಗಿದ ಸೇದುಗನು ಗಾಂಜಾವನ್ನು ಹಾಗೆಯೇ ಚಿಲುಮೆಗೆ ತುಂಬುವುದಿಲ್ಲ. ಅದನ್ನು ನೀರಿನಿಂದ ನೆನೆಸಿ, ಅಂಗೈಯಲ್ಲಿ ತಿಕ್ಕಿ, ಬೀಜವನ್ನೂ ಕಡ್ಡಿಯನ್ನೂ ಆರಿಸಿ ತೆಗೆದು, ಉಳಿದುದನ್ನು ಹೊಗೆಸೊಪ್ಪಿನೊಡನೆ ಬೆರಸಿ, ಚಿಲುಮೆಯ ಬುಡಕ್ಕೆ ಒದ್ದೆ ಬಟ್ಟೆಯನ್ನು ಸುತ್ತಿ ಸೇದುತ್ತಾನೆ. ಸಾಧುಗಳ ಕೂಟಗಳಲ್ಲಿ ಈ ಆರಿಸುವಿಕೆ ಒಂದು ವಿಧಿಯಂತೆಯೇ ನಡೆಯುತ್ತದೆ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಕ್ಷೇತ್ರದಲ್ಲಿ ಭಂಗಿಯು ಪ್ರಸಾದವೆಂದು ಭಕ್ತರ ಕೈಸೇರುತ್ತಿದ್ದುದೂ ಪ್ರಸಿದ್ಧವಾಗಿದೆ. ಬೀಜ ದಂಟುಗಳನ್ನು ಸೇದುವವನು ಬಡವ, ಇಲ್ಲವೆ ಅನನುಭವಿ. ಒಳ್ಳೆಯದು ತೀರಿಹೋದ ಮೇಲೆ ಚೀಲದ ತಳವನ್ನು ಕೊಡವಿ ತುಂಬಿಕೊಳ್ಳುವವನು.

ಅವನಿಗೆ ದೊರೆಯುವುದೇನು? ಅಮಲಿನ ಸಾರವಿರುವುದು ಹೆಣ್ಣುಗಿಡದ ಹೂದೆನೆಯ ಸಣ್ಣ ಎಲೆಗಳ ಮೇಲೆ ಕೂದಲಿನಂತೆ ಎದ್ದ ಗ್ರಂಥಿಗಳ ಅಂಟಿನಲ್ಲಿ. ಈ ಅಂಟಿನ ಪ್ರಧಾನ ದ್ರವ್ಯವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದವರು ಇಸ್ರೇಲಿನ ಗಾವೋನಿ ಮತ್ತು ಮೆಕೂಲಮ್, 1964ರಲ್ಲಿ. ಬೀಜದ ಒಳಗೆ ಆ ದ್ರವ್ಯವಿಲ್ಲ; ತೆನೆಯಿಂದ ಉದುರಿ ಸಿಪ್ಪೆಗೆ ಅಂಟಿದ ಧೂಳಿನಲ್ಲಿ ಇರುವಷ್ಟು ಮಾತ್ರ. ದಂಟಿನಲ್ಲಿಯೂ ಅತ್ಯಲ್ಪ. ಬೀಜದ ತೂಕದಲ್ಲಿ ಸುಮಾರು ನೂರಕ್ಕೆ 30 ಭಾಗ ಎಣ್ಣೆಯಾದುದರಿಂದ ಅದು ಕೆಂಡದ ಮೇಲೆ ಚಟಚಟನೆ ಸಿಡಿದು ಕಮಟು ಹೊಗೆಯನ್ನು ಬಿಡುತ್ತದೆ. ದಂಟು ಸೌದೆಯಂತೆ ಉರಿಯುತ್ತದೆ. ಕೆಮ್ಮು, ಗಂಟಲುರಿ, ತಲೆನೋವು, ಎದೆಗೆ ಸೇರುವ ಕೀಲು: ಅಮಲಿಲ್ಲದೆ ಹಾನಿ ಮಾತ್ರ ಲಾಭ. ಎಣ್ಣೆ ಹಿಂಡಬಹುದಾದ ಕಾಳನ್ನು ಕೆಂಡಕ್ಕೆ ಸುರಿಯುವುದು ಎಳ್ಳನ್ನು ಒಲೆಗೆ ಹಾಕಿ ಮೂಸಿದಂತೆ.

ಇದನ್ನು ಬೆಳೆಗಾರರು ವಿಜ್ಞಾನಿಗಳಿಗಿಂತ ಮೊದಲೇ ಕಂಡುಕೊಂಡಿದ್ದರು. ಬಂಗಾಳದ ರಾಜಶಾಹಿ ಸೀಮೆಯ ನೌಗಾಂವಿನಲ್ಲಿ ಗಂಡುಗಿಡಗಳನ್ನು ಗುರುತಿಸಿ ಕಿತ್ತುಹಾಕುವುದಕ್ಕೆಂದೇ ನಿಪುಣರನ್ನು ಕೂಲಿಗೆ ಕರೆಯುತ್ತಿದ್ದರು. ಪರಾಗ ಬೀಳದಿದ್ದರೆ ಹೆಣ್ಣುಗಿಡ ಬೀಜ ಕಟ್ಟುವುದಿಲ್ಲ. ಬೀಜ ಕಟ್ಟದ ತೆನೆಯಲ್ಲಿ ಅಂಟು ಹೆಚ್ಚು. ಈ ಪದ್ಧತಿಯನ್ನು ಡೇವಿಡ್ ಪ್ರೇನನು 1893ರಲ್ಲಿ ವಿಶದವಾಗಿ ವರ್ಣಿಸಿದನು. ಬೀಜ ಹೆಚ್ಚಿದ್ದಷ್ಟೂ ಮಾಲು ಕೀಳೆಂಬ ಅಂಗಡಿಯ ಲೆಕ್ಕ ಇದರಿಂದಲೇ ಹುಟ್ಟಿತು.

ಅದೇ ವರ್ಷ ಮಾರ್ಚಿಯಲ್ಲಿ ಕೇನ್ ಎಂಬ ಸದಸ್ಯನು ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಕೇಳಿದ ಪ್ರಶ್ನೆಯ ಫಲವಾಗಿ ಇಂಡಿಯಾ ಸರ್ಕಾರದವರು ಜುಲೈ ತಿಂಗಳಲ್ಲಿ ಒಂದು ಆಯೋಗವನ್ನು ನೇಮಿಸಿದರು. ಮ್ಯಾಕ್‌ವರ್ತ್ ಯಂಗನು ಅದರ ಅಧ್ಯಕ್ಷ. ಏಳು ಸದಸ್ಯರಲ್ಲಿ ಮೂವರು ಈ ದೇಶದವರು. 1193 ಸಾಕ್ಷಿಗಳ ಹೇಳಿಕೆಗಳನ್ನು ಪಡೆದು 1894ರಲ್ಲಿ ಮುಗಿಸಿದ ಅದರ ವರದಿ, ಮಿತವಾದ ಸೇವನೆಯಿಂದ ಸಾಮಾನ್ಯವಾಗಿ ಕೇಡಿಲ್ಲವೆಂದೂ ಪೂರ್ಣ ನಿಷೇಧಕ್ಕಿಂತ ತೆರಿಗೆ, ಪರವಾನಗಿಗಳಿಂದ ಹತೋಟಿಯಲ್ಲಿಡುವುದು ಲೇಸೆಂದೂ ತೀರ್ಮಾನಿಸಿತು. ವರದಿಯನ್ನು ಉದಾಹರಿಸುವವರು ಈ ತೀರ್ಮಾನದಲ್ಲಿಯೇ ನಿಂತುಬಿಡುತ್ತಾರೆ. ಅದರ ಹೆಚ್ಚಿನ ಬೆಲೆ ಇರುವುದು ಗಿಡದ ಯಾವ ಭಾಗಕ್ಕೆ ಯಾವ ಹೆಸರು, ಯಾವುದಕ್ಕೆ ತೆರಿಗೆ ಎಂಬ ವಿವರಗಳಲ್ಲಿ: ಹೂದೆನೆ ಗಾಂಜಾ, ಎಲೆ ಭಂಗ್, ಬಿಡಿಸಿದ ಅಂಟು ಚರಸ್. ಬೀಜ ದಂಟುಗಳಿಗೆ ಈ ಮೂರರಲ್ಲಿ ಸ್ಥಾನವಿಲ್ಲ.

ಕಸವೆನಿಸಿದ ಇವೆರಡಕ್ಕೂ ಸದುಪಯೋಗವನ್ನು ಉಳಿಸಿಕೊಂಡವರು ಕುಮಾವೂ ಗಢವಾಲಗಳ ಬೆಟ್ಟದವರು. ಅವರು ದಂಟನ್ನು ನೀರಿನಲ್ಲಿ ಕೊಳೆಹಾಕಿ, ನಾರನ್ನು ಸುಲಿದು, ‘ಭಂಗೇಲ’ವೆಂಬ ಒರಟು ಬಟ್ಟೆಯನ್ನೂ ಚೀಲ ಹಗ್ಗಗಳನ್ನೂ ಮಾಡುತ್ತಿದ್ದರು; ಬೀಜವನ್ನು ಹುರಿದು ಚಟ್ನಿಗೆ ಅರೆಯುವುದು ಇಂದಿಗೂ ಉಂಟು. ಹುಚ್ಚೆಳ್ಳಿನ ಪುಡಿಯ ರುಚಿಯನ್ನು ಬಲ್ಲ ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ. ಚೀನದೇಶದಲ್ಲಿ ಅತ್ಯಂತ ಹಳೆಯ ಕಾಗದಗಳೇ ಈ ನಾರಿನವು.

ದಕ್ಷಿಣಾಪಥಕ್ಕೆ ಸಮೀಪವಾದ ಸಾಕ್ಷ್ಯ ಎಲ್ಲೋರದಲ್ಲಿ ದೊರೆತಿದೆ. ರಾಷ್ಟ್ರಕೂಟ ಕೃಷ್ಣನ ಕೈಲಾಸದೇವಾಲಯದಿಂದ ಕನ್ನಡ ಇತಿಹಾಸಕ್ಕೆ ಸೇರಿದ ಆ ಸ್ಥಳದ ಗುಹೆಗಳ ಮಣ್ಣಿನ ಗಿಲಾವನ್ನು ಪರೀಕ್ಷಿಸಿದ ರಾಜದೇವ ಸಿಂಗ್ ಮತ್ತು ಸರ್ದೇಸಾಯಿ ಎಂಬ ವಿದ್ವಾಂಸರು, ಅದರಲ್ಲಿ ಭಂಗಿಗಿಡದ ತುಣುಕುಗಳನ್ನು ಬೆರಸಿರುವುದನ್ನು 2016ರಲ್ಲಿ ಪ್ರಕಟಿಸಿದರು. ಅಜಂತದ ಗಿಲಾವಿನಲ್ಲಿ ಅದು ಇಲ್ಲ. ಅಲ್ಲಿ ಹುಳುಗಳ ಹಾವಳಿ ಹೆಚ್ಚು, ಇಲ್ಲಿ ಇಲ್ಲವೆಂಬುದರಿಂದ ಭಂಗಿಯೇ ಗಿಲಾವನ್ನು ಕಾಯಿತೆಂಬುದು ಅವರ ಮತ. ಮಣ್ಣು, ಕಲ್ಲು, ತೇವಗಳ ಭೇದವನ್ನೂ ಎಣಿಸಬೇಕಾದುದರಿಂದ ಈ ಕಾರ್ಯಕಾರಣಸಂಬಂಧವನ್ನು ಪೂರ್ತಿಯಾಗಿ ಒಪ್ಪಲು ಅವಸರಪಡಬೇಕಾದುದಿಲ್ಲ. ಆದರೆ ಗಾರೆಯವರು ಮಣ್ಣು ಬಿರಿಯದಂತೆ ಹೊಟ್ಟು, ಹುಲ್ಲುಗಳನ್ನು ಬೆರಸುವಂತೆ ಈ ಗಿಡವನ್ನೂ ಬೆರಸಿದರೆಂಬ ಸಂಗತಿ ಮಾತ್ರ ನಿಸ್ಸಂಶಯವಾದುದು.

ಈ ಭಾಗವಿಚಾರವು ಕೇವಲ ಪಂಡಿತರ ಕುತೂಹಲವಾಗಿ ಉಳಿದಿಲ್ಲ. 1930ರ ಅಪಾಯಕರ ಔಷಧಿಗಳ ಶಾಸನವು ಎಲೆ, ‘ಸಣ್ಣ ದಂಟು’, ಹೂದೆನೆ ಮೂರನ್ನೂ ಒಳಗೊಂಡಿತ್ತು. 1961ರ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಅನುಸರಿಸಿದ 1985ರ ಮಾದಕದ್ರವ್ಯಗಳ ಶಾಸನವು ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು ಮಾತ್ರ ಗಾಂಜಾ ಎಂದು ಕರೆದು, ತುದಿಯೊಡನಿಲ್ಲದ ಬೀಜವನ್ನೂ ಎಲೆಯನ್ನೂ ಹೊರಗಿಟ್ಟಿತು. ನಾರಿಗಾಗಿ, ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದೆಂದು ಅದರ 14ನೆಯ ಪ್ರಕರಣವು ಹೇಳುತ್ತದೆ; ಅನುಮತಿಯಿಲ್ಲದ ಬೇಸಾಯ ಅಪರಾಧವೇ. 2001ರ ಪ್ರಕಟಣೆಯಂತೆ 1 ಕಿಲೋಗ್ರಾಂ ಗಾಂಜಾ ಸಣ್ಣ ಪ್ರಮಾಣ. 20 ಕಿಲೋಗ್ರಾಮಿಗೆ ಮೀರಿದುದು ವಾಣಿಜ್ಯ ಪ್ರಮಾಣ. ಮೊದಲನೆಯದಕ್ಕೆ ಹೆಚ್ಚೆಂದರೆ 1 ವರ್ಷದ ಸೆರೆ, ಎರಡನೆಯದಕ್ಕೆ ಕಡಿಮೆಯೆಂದರೆ 10 ವರ್ಷ. ತೊಗರಿಯ ನಡುವೆ ಬೆಳೆದ ಗಿಡಗಳನ್ನು ಬೇರುಸಹಿತ ಕಿತ್ತು ತಕ್ಕಡಿಗೆ ಹಾಕಿದರೆ ತೂಕದ ಬಹುಭಾಗ ದಂಟಿನದೇ ಆಗುತ್ತದೆ. ತುದಿಗಳನ್ನು ಬಿಡಿಸಿ ತೂಗಿದರೆ ಅದೇ ಮನುಷ್ಯನ ಸೆರೆವಾಸ ವರ್ಷಗಳಷ್ಟು ಕಡಿಮೆಯಾಗಬಹುದು. ಬೀಜ, ಎಲೆ, ದಂಟುಗಳನ್ನು ಸೇರಿಸಿ ತೂಗಿದರೆಂಬ ಆಕ್ಷೇಪವನ್ನು ಮನ್ನಿಸಿ ಉಚ್ಚ ನ್ಯಾಯಾಲಯಗಳು ಜಾಮೀನು ಕೊಟ್ಟ ನಿದರ್ಶನಗಳಿವೆ. ಮಿಶ್ರಣದಲ್ಲಿರುವ ನಿಸ್ಸಾರ ವಸ್ತುವನ್ನೂ ತೂಕಕ್ಕೆ ಹಿಡಿಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೀರಾ ಸಿಂಗನ ಪ್ರಕರಣದಲ್ಲಿ ವಿಧಿಸಿತು. ಗಿಡದಲ್ಲಿಯೇ ಇರುವ ದಂಟನ್ನು ಬೆರಸಿದ ವಸ್ತುವೆನ್ನುವುದು ಶಬ್ದಾರ್ಥಕ್ಕೆ ಒಗ್ಗುವುದಿಲ್ಲ. 1985ರ ಲಕ್ಷಣವಾಕ್ಯದಲ್ಲಿ ಹೊರಗಿಟ್ಟ ಭಾಗಗಳೆಂದು ಬೀಜ, ಎಲೆಗಳ ಹೆಸರಿವೆ. 1930ರಲ್ಲಿ ಹೆಸರಿದ್ದ ದಂಟನ್ನು ಒಳಗೆ ಸೇರಿಸುವ ಮಾತೂ ಹೊರಗಿಡುವ ಮಾತೂ ಅದರಲ್ಲಿ ಇಲ್ಲ.