ಮಾರ್ಥಳ ಪಾಲು

ಕ್ರೈಸ್ತರ ಬದುಕನ್ನು ಹೊರಗಿನಿಂದ ನೋಡುವವರಿಗೆ ಮೊದಲು ಕಾಣುವುದು ಭಾನುವಾರ. ಗಂಟೆಯ ಸದ್ದು, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲೊಂದು ಸತ್ಯವೇದ. ವರ್ಷಕ್ಕೊಮ್ಮೆ ಕ್ರಿಸ್‌ಮಸ್ ಬಂದರೆ ಬೀದಿಗೆಲ್ಲ ಹಂಚುವ ಕೇಕು, ಕಜ್ಜಾಯ, ಕರ್ಜಿಕಾಯಿ. ಇವೆಲ್ಲ ಚೆಂದವೇ. ಆದರೆ ಧರ್ಮದ ಪರೀಕ್ಷೆ ನಡೆಯುವುದು ಸೋಮವಾರ ಬೆಳಿಗ್ಗೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಹಾಲಿನವನ ಲೆಕ್ಕ, ನಲ್ಲಿಯ ಹತ್ತಿರದ ಜಗಳ, ಪಾತ್ರೆ ತೊಳೆಯುವವಳು ಕೇಳುವ ರಜೆ, ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಇವುಗಳ ನಡುವೆ ಪ್ರಾರ್ಥನೆ ಎಷ್ಟು ಉಳಿಯುತ್ತದೆ ಎನ್ನುವುದೇ ಪ್ರಶ್ನೆ. ಹೆಂಗಸರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯಾವ ದೇವರಿಗೆ ಕೈಮುಗಿಯುವವರಾದರೂ ನಮ್ಮ ಸೋಮವಾರ ಒಂದೇ ತರಹದ್ದು.

ಸುವಾರ್ತೆಯಲ್ಲಿ ಮಾರ್ಥ ಮತ್ತು ಮರಿಯ ಎಂಬ ಅಕ್ಕತಂಗಿಯರ ಕಥೆಯಿದೆ. ಯೇಸು ಮನೆಗೆ ಬಂದಾಗ ಮರಿಯ ಅವನ ಪಾದದ ಬಳಿ ಕುಳಿತು ಮಾತು ಕೇಳುತ್ತಾಳೆ. ಮಾರ್ಥ ಅಡುಗೆ, ಉಪಚಾರ ಎಂದು ಒಳಗೂ ಹೊರಗೂ ಓಡಾಡುತ್ತಾಳೆ. ತಂಗಿ ಕೈ ಹಚ್ಚುತ್ತಿಲ್ಲ ಎಂದು ದೂರಿದಾಗ, ಮರಿಯ ಒಳ್ಳೆಯ ಪಾಲನ್ನೇ ಆರಿಸಿಕೊಂಡಿದ್ದಾಳೆ ಎಂಬರ್ಥದ ಉತ್ತರ ಅವಳಿಗೆ ಸಿಗುತ್ತದೆ. ಚಿಕ್ಕಂದಿನಿಂದ ಪ್ರಸಂಗಗಳಲ್ಲಿ ನಾನು ಕೇಳಿದ್ದು ಮರಿಯಳ ಹೊಗಳಿಕೆಯನ್ನೇ. ಆ ಹೊತ್ತಿನಲ್ಲಿ ನಮ್ಮಜ್ಜಿ ಮಾತ್ರ ಮೆಲ್ಲಗೆ, “ಹಾಗಾದರೆ ಅವತ್ತು ಊಟಕ್ಕೆ ಬಡಿಸಿದವರು ಯಾರಂತೆ?” ಎನ್ನುತ್ತಿದ್ದಳು. ನಮ್ಮ ಭಾಗದ ಕ್ರೈಸ್ತ ಚರಿತ್ರೆಯನ್ನು ಓದಿದಷ್ಟೂ ಅಜ್ಜಿಯ ಆ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮ ಭಾಗವೆಂದರೆ ವೈಟ್‌ಫೀಲ್ಡ್. ಇಂದು ಆ ಹೆಸರು ಹೇಳಿದರೆ ಕಣ್ಣ ಮುಂದೆ ಬರುವುದು ಗಾಜಿನ ಕಟ್ಟಡಗಳು, 1990ರ ದಶಕದ ಕೊನೆಗೆ ತೆರೆದ ಐಟಿ ಪಾರ್ಕು, 2023ರ ಮಾರ್ಚ್‌ನಲ್ಲಿ ಕಾಡುಗೋಡಿಯವರೆಗೆ ಬಂದ ಮೆಟ್ರೋ. ಹೆಸರಿನಲ್ಲಿರುವ ‘ವೈಟ್’ ಬಣ್ಣವಲ್ಲ, ಒಬ್ಬ ಮನುಷ್ಯ: ಡಿ.ಎಸ್. ವೈಟ್. ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದ ಮುಖಂಡರಾಗಿದ್ದವರು. ಮಿಶ್ರ ಸಂತತಿಯ ಈ ಜನ ಬ್ರಿಟಿಷರಿಗೂ ಪೂರ್ತಿ ತಮ್ಮವರಲ್ಲ, ಊರವರಿಗೂ ತಮ್ಮವರಲ್ಲ. ರೈಲ್ವೆ, ತಂತಿ ಕಛೇರಿಗಳ ನೌಕರಿಯನ್ನೇ ನಂಬಿ ಕೂರುವ ಬದಲು ತಮ್ಮದೇ ಮಣ್ಣಿನ ಮೇಲೆ ದುಡಿದು ತಿನ್ನಲಿ ಎಂಬುದು ವೈಟ್ ಅವರ ಆಸೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿತಷ್ಟೆ. ಮರುವರ್ಷವೇ, 1882ರಲ್ಲಿ, ಹತ್ತನೆಯ ಚಾಮರಾಜ ಒಡೆಯರು ಸುಮಾರು 3,900 ಎಕರೆ ಭೂಮಿಯನ್ನು ಈ ಸಂಘಕ್ಕೆ ಕೊಟ್ಟರು. ಹಿಂದೂ ಅರಸರು ಕೊಟ್ಟ ನೆಲದಲ್ಲಿ ಕ್ರೈಸ್ತರ ಊರು ಎದ್ದಿತು. ನಡುವೆ ದುಂಡನೆಯ ಬಯಲು, ಸುತ್ತ ಮನೆ, ಮನೆಯ ಹಿಂದೆ ತೋಟ. ‘ಇನ್ನರ್ ಸರ್ಕಲ್’ ಎಂದು ಈಗಲೂ ಕರೆಯುವುದು ಅದನ್ನೇ.

ಅಲ್ಲಿನ ಮೆಮೋರಿಯಲ್ ಚರ್ಚು ಕಟ್ಟಿದ್ದು 1886ರಲ್ಲಿ, ಭೂಮಿ ಸಿಕ್ಕಿ ನಾಲ್ಕು ವರ್ಷಗಳ ಮೇಲೆ. ಮೊದಲು ಬಾವಿ, ಬೇಲಿ, ಒಲೆ, ಗಂಟೆ ಆಮೇಲೆ. ವೈಟ್ 1889ರಲ್ಲಿ ತೀರಿಕೊಂಡರು. ಬೇಸಾಯದ ಅವರ ಕನಸು ಅಂದುಕೊಂಡಷ್ಟು ಫಲಿಸಲಿಲ್ಲ. ನದಿಯಿಲ್ಲದ ಸೀಮೆ, ಮಳೆ ಮತ್ತು ಕೆರೆಯನ್ನೇ ನಂಬಿದ ನೆಲ. ಹುಡುಗರು ಮತ್ತೆ ನೌಕರಿಯ ದಾರಿ ಹಿಡಿದರು, 1947ರ ನಂತರ ಎಷ್ಟೋ ಸಂಸಾರಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಕ್ಕೆ ಹೊರಟುಹೋದವು.

ಆ ಊರಿನ ಚರಿತ್ರೆಯಲ್ಲಿ ಬರೆಯದೆ ಉಳಿದ ಒಂದು ಸಾಲಿದೆ. ಭೂಮಿ ಸಂಘದ್ದು, ಯೋಜನೆ ವೈಟ್ ಅವರದು, ನಿಜ. ಅಗೆದವರು, ನೀರು ಸೇದಿದವರು, ಅಡುಗೆ ಮಾಡಿದವರು, ಮಗುವನ್ನು ತೂಗಿದವರು ಸುತ್ತಲ ಕಾಡುಗೋಡಿ, ಹಗದೂರು, ನಲ್ಲೂರಹಳ್ಳಿಗಳ ಜನ. ಮನೆಯಲ್ಲಿ ಕನ್ನಡವೋ ತೆಲುಗೋ ತಮಿಳೋ ಆಡುತ್ತ, ಬಂಗಲೆಯೊಳಗೆ ಅರೆಬರೆ ಇಂಗ್ಲಿಷ್ ಕಲಿತವರು. ನಮ್ಮಜ್ಜಿ ಅಂಥವರಲ್ಲಿ ಒಬ್ಬಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಒಂದು ಬಂಗಲೆಯಲ್ಲಿ ಅಡುಗೆಗೆ ನಿಂತಳು. ಆ ಮನೆಯ ಅಮ್ಮನವರು ಮಧ್ಯಾಹ್ನ ಜಗಲಿಯಲ್ಲಿ ಇವಳ ಜೊತೆ ಕುಳಿತು ಬಟಾಣಿ ಬಿಡಿಸುತ್ತಿದ್ದರಂತೆ, ಇಬ್ಬರಿಗೂ ಒಂದೇ ಬಗೆಯ ಕಪ್ಪಿನಲ್ಲಿ ಚಹ. “ದೊಡ್ಡ ಮಾತೇನೂ ಆಡ್ತಿರಲಿಲ್ಲ ಕಣಮ್ಮ, ಕಪ್ಪು ಮಾತ್ರ ಒಂದೇ” ಎಂದು ಅಜ್ಜಿ ನೆನೆಯುತ್ತಿದ್ದಳು. ಎಲ್ಲ ಬಂಗಲೆಗಳೂ ಹಾಗಿರಲಿಲ್ಲ ಎಂದೂ ಹೇಳುತ್ತಿದ್ದಳು.

ಅಜ್ಜಿಗೆ ಆ ಕಪ್ಪು ಅಷ್ಟು ದೊಡ್ಡದಾಗಿ ಕಂಡದ್ದಕ್ಕೆ ಕಾರಣವಿತ್ತು. ಕ್ರೈಸ್ತರಲ್ಲಿ ಜಾತಿಯಿಲ್ಲ ಎಂದು ವೇದಿಕೆಯ ಮಾತು ಹೇಳುತ್ತದೆ, ಮನೆಯ ಲೋಟ ಹಾಗೆ ಹೇಳುವುದಿಲ್ಲ. ಮತ ಬದಲಾದರೂ ಕುಳಿತುಕೊಳ್ಳುವ ಜಾಗ, ಹೆಣ್ಣು ಕೊಡುವ ಮನೆ, ಹೂಳುವ ನೆಲದಲ್ಲಿ ಹಳೆಯ ಗೆರೆಗಳು ಎಷ್ಟೋ ಕಡೆ ಉಳಿದೇ ಇದ್ದವು. ಕಾನೂನಿನ ಕಥೆಯೂ ವಿಚಿತ್ರ. ಪರಿಶಿಷ್ಟ ಜಾತಿಗಳ ಬಗೆಗಿನ 1950ರ ರಾಷ್ಟ್ರಪತಿ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು, ಕ್ರೈಸ್ತರಾದ ದಲಿತರು ಹೊರಗುಳಿದರು. ಕಾನೂನಿನ ಕಣ್ಣಿಗೆ ಅವರು ಜಾತಿ ಬಿಟ್ಟವರು, ಊರಿನ ಕಣ್ಣಿಗೆ ಅಲ್ಲ.

ನಮ್ಮ ಮನೆಯಲ್ಲಿ ಅಜ್ಜಿ ಇದ್ದಷ್ಟು ಕಾಲ ಎರಡು ಬಗೆಯ ಲೋಟ ಇರಲಿಲ್ಲ. ಒಂದು ಸಲ ಕೇರಿಯಿಂದ ಸೌದೆ ತಂದಿದ್ದ ಹೆಂಗಸಿಗೆ ಅಜ್ಜಿ ಮಜ್ಜಿಗೆ ಕೊಟ್ಟದ್ದನ್ನು ಕಂಡು ನಮ್ಮ ನೆಂಟರೊಬ್ಬರು ಮುಖ ಗಂಟಿಕ್ಕಿದರು. ಅವರೂ ಕ್ರೈಸ್ತರೇ, ಭಾನುವಾರ ತಪ್ಪಿಸದವರು. ಅಜ್ಜಿ ಮರುಮಾತಾಡಲಿಲ್ಲ. ಲೋಟವನ್ನು ಎಲ್ಲ ಲೋಟಗಳಂತೆ ತೊಳೆದು, ಅದರಲ್ಲೇ ಅವರಿಗೆ ಕಾಫಿ ಬಗ್ಗಿಸಿಕೊಟ್ಟಳು. ಅವರು ಸ್ವಲ್ಪ ಹೊತ್ತು ಲೋಟ ನೋಡಿದರು, ಆಮೇಲೆ ಕುಡಿದರು. ಜಾತಿಯ ಬಗ್ಗೆ ನಾನು ಕೇಳಿದ ಯಾವ ಭಾಷಣವೂ ಆ ಲೋಟದಷ್ಟು ಕೆಲಸ ಮಾಡಿದ್ದು ಕಾಣೆ. ಇನ್ನು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು ಅವಳ ವಾಡಿಕೆ. ಡಬ್ಬಿ ತುಂಬಿದಾಗ ಅದು ಬೀದಿಯಲ್ಲಿ ಯಾರ ಒಲೆ ತಣ್ಣಗಿದೆಯೋ ಅಲ್ಲಿಗೆ ಹೋಗುತ್ತಿತ್ತು. ಯಾವ ಮತದವರ ಒಲೆ ಎಂದು ಕೇಳುತ್ತಿರಲಿಲ್ಲ.

ವೈಟ್‌ಫೀಲ್ಡಿನ ಚರ್ಚು ಎದ್ದ ಅದೇ 1886ರಲ್ಲಿ ಬೆಂಗಳೂರು ಪೇಟೆಯ ಕಡೆ ಇನ್ನೊಂದು ಕಟ್ಟಡ ಬಾಗಿಲು ತೆರೆಯಿತು. 1854ರಲ್ಲೇ ಬೆಂಗಳೂರಿಗೆ ಬಂದಿದ್ದ ಗುಡ್ ಶೆಪರ್ಡ್ ಸಂಸ್ಥೆಯ ಕನ್ಯಾಸ್ತ್ರೀಯರು ಆರಂಭಿಸಿದ ಆ ಆಸ್ಪತ್ರೆಗೆ ಇಟ್ಟ ಹೆಸರು ಸೇಂಟ್ ಮಾರ್ಥಾಸ್. ಪಾದದ ಬಳಿ ಕುಳಿತ ಮರಿಯಳ ಹೆಸರಲ್ಲ, ಅಡುಗೆಮನೆಯಲ್ಲಿ ಬೆವರಿದ ಅಕ್ಕನ ಹೆಸರು. ಗಂಜಿ ಕುಡಿಸಿ, ಗಾಯ ಒರೆಸಿ, ಹಾಸಿಗೆ ಬದಲಾಯಿಸುವ ಜಾಗಕ್ಕೆ ಅದಕ್ಕಿಂತ ಒಪ್ಪುವ ಹೆಸರು ಬೇರೆಲ್ಲಿದೆ?

ಅದೇ ಆಸ್ಪತ್ರೆಯ ಜೊತೆ ಇನ್ನೊಬ್ಬ ಹೆಣ್ಣುಮಗಳ ಕಥೆ ಸೇರಿದೆ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ವೈದ್ಯೆಯಾಗಿದ್ದ ಮೇರಿ ಗ್ಲೋರಿ, ಭಾರತದಲ್ಲಿ ಗಂಡಸು ವೈದ್ಯರಿಗೆ ಮೈ ತೋರಿಸಲಾರದೆ ಹೆಂಗಸರು ಸಾಯುತ್ತಿದ್ದಾರೆ ಎಂದು ಓದಿ, 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾದರು. ಆ ಕಾಲದಲ್ಲಿ ಕನ್ಯಾಸ್ತ್ರೀಯರು ವೈದ್ಯವೃತ್ತಿ ಮಾಡಲು ಸಭೆಯ ನಿಯಮವೇ ಅಡ್ಡಿ. ಪೋಪರಿಂದ ವಿಶೇಷ ಅನುಮತಿ ಪಡೆದು ಅವರು ರೋಗಿಗಳನ್ನು ನೋಡಿದರು. ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು 1943ರಲ್ಲಿ ಕಟ್ಟಿದರು. 1957ರಲ್ಲಿ ಬೆಂಗಳೂರಿನಲ್ಲೇ ಕಣ್ಮುಚ್ಚಿದರು. ತಮ್ಮವರದೇ ಒಂದು ವೈದ್ಯಕೀಯ ಕಾಲೇಜು ಆಗಬೇಕೆಂದು ಅವರು ಹಂಬಲಿಸಿದ್ದರು. ಅವರು ತೀರಿಕೊಂಡ ಆರು ವರ್ಷಕ್ಕೆ, 1963ರಲ್ಲಿ, ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಆ ಕಾಲೇಜು ಮುಂದೆ ಸರ್ಜಾಪುರದ ಕಡೆಯ ಮುಗಳೂರಿನಲ್ಲಿ ಆರೋಗ್ಯ ಕೇಂದ್ರ ನಡೆಸಿತು. ಹಳ್ಳಿಯ ಬಾಣಂತಿಯ ಮನೆಬಾಗಿಲು ಯಾವುದೆಂದು ಮುಂದಿನ ವೈದ್ಯರು ಕಲಿಯುವ ಜಾಗ ಅದು.

ಅದೇ 1963ರಲ್ಲಿ ವೈಟ್‌ಫೀಲ್ಡಿನಲ್ಲಿ ಎಂ.ಎ. ಥಾಮಸ್ ಎಂಬ ಪಾದ್ರಿಗಳು ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಸ್ಥಾಪಿಸಿದರು. ಬೇರೆ ಬೇರೆ ಸಭೆಗಳ ಕ್ರೈಸ್ತರು, ಬೇರೆ ಬೇರೆ ಮತಗಳ ಜನ ಒಂದೇ ಮರದ ನೆರಳಲ್ಲಿ ಕುಳಿತು ಮಾತಾಡಲಿ ಎಂಬುದು ಅದರ ಉದ್ದೇಶ. ವೈಟ್ ಕಟ್ಟಿದ್ದು ಒಂದು ಸಮುದಾಯದ ಊರು. ಎಂಬತ್ತೊಂದು ವರ್ಷಗಳ ಮೇಲೆ ಅದೇ ಊರಿನಲ್ಲಿ ಎಲ್ಲ ಸಮುದಾಯಗಳಿಗೂ ಚಾಪೆ ಹಾಸುವ ಮನೆ ಎದ್ದಿತು. ಇದನ್ನು ನಾನು ಸಣ್ಣ ಬದಲಾವಣೆ ಎಂದುಕೊಳ್ಳುವುದಿಲ್ಲ.

ಈಗ ನಮ್ಮ ಸುತ್ತ ಹೊಸ ವೈಟ್‌ಫೀಲ್ಡ್ ಇದೆ. ಅಜ್ಜಿಯ ಕಾಲದ ಲೋಟ ಹೋಗಿ ಲಿಫ್ಟು ಬಂದಿದೆ. ಅಪಾರ್ಟ್‌ಮೆಂಟುಗಳಲ್ಲಿ ಮನೆಯವರಿಗೆ ಒಂದು, ಮನೆಗೆಲಸದವರಿಗೆ ಇನ್ನೊಂದು. ನಮ್ಮ ಕಟ್ಟಡದಲ್ಲೂ ಹಾಗೊಂದು ಫಲಕ ಇತ್ತು. 2020ರಲ್ಲಿ ಲಾಕ್‌ಡೌನ್ ಬಂದಾಗ ಇದೇ ಹೆಂಗಸರನ್ನು ಗೇಟಿನಾಚೆ ನಿಲ್ಲಿಸಿದರು. ಕೆಲವು ಮನೆಯವರು ಕೆಲಸವಿಲ್ಲದಿದ್ದರೂ ಸಂಬಳ ತಲುಪಿಸಿದರು, ಕೆಲವರು ಫೋನನ್ನೇ ಎತ್ತಲಿಲ್ಲ. ಎತ್ತದವರಲ್ಲಿ ತಪ್ಪದೆ ಚರ್ಚಿಗೆ ಹೋಗುವವರೂ ಇದ್ದರು, ತಪ್ಪದೆ ಪೂಜೆ ಮಾಡುವವರೂ ಇದ್ದರು. ಕೊಟ್ಟವರಲ್ಲೂ ಇಬ್ಬಗೆಯವರೂ ಇದ್ದರು. ಪ್ರಾರ್ಥನೆ ಕೈಗೆ ಇಳಿಯಿತೋ ಇಲ್ಲವೋ ಎಂದು ತಿಳಿಯಲು ಬೇರೆ ಗುರುತು ಬೇಕಿಲ್ಲ.

ಆಮೇಲೊಂದು ವರ್ಷ ಸಂಘದ ಸಭೆಯಲ್ಲಿ ಆ ಫಲಕದ ಮಾತು ಬಂತು. ತೆಗೆಯಬೇಕೆಂದು ಮೊದಲು ಎದ್ದು ನಿಂತವರು ನಾಲ್ಕನೆಯ ಮಹಡಿಯ ಮುಸ್ಲಿಂ ಗೃಹಿಣಿ, ಎರಡನೆಯವರು ನಿವೃತ್ತ ಲಿಂಗಾಯತ ಮೇಡಂ, ಮೂರನೆಯವಳು ನಾನು. ನೈರ್ಮಲ್ಯ, ಭದ್ರತೆ ಎಂದೆಲ್ಲ ವಾದ ನಡೆಯಿತು. “ನಮ್ಮ ಮನೆಯ ಅನ್ನ ಬಡಿಸುವ ಕೈ ಲಿಫ್ಟಿನ ಗುಂಡಿ ಒತ್ತಿದರೆ ಕೊಳೆಯಾಗುತ್ತದೆಯೇ?” ಎಂದು ಆ ಮೇಡಂ ಕೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಕೈಯೆತ್ತಿಸಿದರು. ಕೆಲವೇ ಮತಗಳ ಅಂತರದಲ್ಲಿ ಫಲಕ ಇಳಿಯಿತು.

ಫಲಕ ಇಳಿದರೂ ಅಭ್ಯಾಸ ಇಳಿದಿಲ್ಲ. ನಮ್ಮ ಮನೆಗೆ ಬರುವಾಕೆ ಇಂದಿಗೂ ಮೂಲೆಯ ಲಿಫ್ಟಿನ ಮುಂದೆಯೇ ನಿಲ್ಲುತ್ತಾಳೆ. “ಬಾಮ್ಮ, ಇದರಲ್ಲೇ ಹೋಗೋಣ” ಎಂದರೆ, “ಇರಲಿ ಬಿಡಕ್ಕ, ಯಾರಾದ್ರೂ ಏನಾದ್ರೂ ಅಂತಾರೆ” ಎನ್ನುತ್ತಾಳೆ. ಅವಳು ಬರದ ದಿನ ನಾನೂ ಆ ಮೂಲೆಯ ಲಿಫ್ಟಿನಲ್ಲೇ ಅವಳ ಪಕ್ಕ ನಿಂತು ಮೇಲೆ ಹೋಗುತ್ತೇನೆ. ಒಳಗೆ ಹೋದ ಮೇಲೆ ಇಬ್ಬರಿಗೂ ಕಾಫಿ ಬೆರೆಸುತ್ತೇನೆ. ಲೋಟಗಳು ಅಜ್ಜಿಯ ಕಾಲದವೇ, ಎಲ್ಲ ಒಂದೇ ಬಗೆಯವು.