ಸೋಯಾ ಅವರೆ ಮತ್ತು ಶಿಶು ಆಹಾರ: ಮೆಥಿಯೋನಿನ್ ಕೊರತೆ ಹಾಗೂ ಪರಿಹಾರ

ದಾವಣಗೆರೆ ಸುತ್ತಲಿನ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳವೂ ಹರಿಹರದ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತವೂ ಮುಖ್ಯ ಬೆಳೆಗಳು. ಇವುಗಳ ಜೊತೆಗೆ ಸೋಯಾ ಅವರೆಯನ್ನು ಬಳಸುವ ಕುಟುಂಬಗಳಲ್ಲಿ, ಮನೆಯ ಸೋಯಾ ಹಾಲನ್ನು ಹಸುಗೂಸಿಗೆ ಕುಡಿಸಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಕುಡಿಸಬಾರದು. ಅದು ಎದೆಹಾಲಿಗೆ ಬದಲಿಯಲ್ಲ. ವೈದ್ಯರು ಸೂಚಿಸುವ ಸೋಯಾ ಆಧಾರಿತ ಶಿಶು ಪುಡಿಗೂ ಸಮವಲ್ಲ.

ಕೊರತೆ ಎಲ್ಲಿದೆ?

ಸೋಯಾ ಅವರೆಯಲ್ಲಿ ಸುಮಾರು ಶೇ. 40 ಸಸಾರಜನಕ ಹಾಗೂ ಶೇ. 20 ಎಣ್ಣೆ ಇದೆ. ಲೈಸಿನ್ ಎಂಬ ಅಮೈನೋ ಆಮ್ಲ ಸಮೃದ್ಧವಾಗಿದ್ದರೂ ಮೆಥಿಯೋನಿನ್ ಕಡಿಮೆ. ಅವಶ್ಯಕ ಅಮೈನೋ ಆಮ್ಲಗಳಲ್ಲಿ ಯಾವುದು ಅತಿ ಕಡಿಮೆಯೋ ಅದರ ಮಿತಿಯಲ್ಲೇ ದೇಹವು ಸಸಾರಜನಕವನ್ನು ಕಟ್ಟಬಲ್ಲದು. ವೇಗವಾಗಿ ಬೆಳೆಯುವ ಶಿಶುವಿಗೆ ಈ ಕೊರತೆ ಹೆಚ್ಚು ಬಾಧಕ.

ಕಾರ್ಖಾನೆಯಲ್ಲಿ ಏನು ಸೇರಿಸುತ್ತಾರೆ?

ಶಿಶು ಪುಡಿಗೆ ಸೋಯಾದಿಂದ ಬೇರ್ಪಡಿಸಿದ ಶುದ್ಧ ಸಸಾರಜನಕವನ್ನು ಬಳಸಿ, ಅದಕ್ಕೆ ಎಲ್-ಮೆಥಿಯೋನಿನ್ ಅನ್ನು ಅಳತೆಯಂತೆ ಬೆರೆಸುತ್ತಾರೆ. ಸೋಯಾದಲ್ಲಿರುವ ಫೈಟೇಟ್ ಖನಿಜಗಳ ಹೀರಿಕೆಯನ್ನು ತಡೆಯುವುದರಿಂದ ಸುಣ್ಣ, ಕಬ್ಬಿಣ ಮತ್ತು ಸತುವನ್ನೂ, ಜೊತೆಗೆ ಅಯೋಡಿನ್ ಹಾಗೂ ಜೀವಸತ್ವಗಳನ್ನೂ ಸೇರಿಸಬೇಕಾಗುತ್ತದೆ. 2003ರಲ್ಲಿ ಇಸ್ರೇಲ್‌ನಲ್ಲಿ ಮಾರಾಟವಾದ ಒಂದು ಸೋಯಾ ಶಿಶು ಪುಡಿಯಲ್ಲಿ ಬಿ1 ಜೀವಸತ್ವದ ತೀವ್ರ ಕೊರತೆಯಿತ್ತು. ಕೆಲವು ಶಿಶುಗಳು ಸಾವನ್ನಪ್ಪಿದವು, ಇನ್ನು ಕೆಲವಕ್ಕೆ ನರಮಂಡಲದ ಶಾಶ್ವತ ಹಾನಿಯಾಯಿತು. ಒಂದೇ ಅಂಶ ತಪ್ಪಿದರೂ ಪರಿಣಾಮ ಇಷ್ಟು ಘೋರ. ಆದುದರಿಂದ ಗ್ಯಾಲಕ್ಟೋಸೀಮಿಯಾದಂತಹ ಕಾಯಿಲೆಗಳಲ್ಲಿ ವೈದ್ಯರು ಸೂಚಿಸಿದಾಗ ಮಾತ್ರ ಈ ಪುಡಿಯನ್ನು ಬಳಸಬೇಕು.

ಬೇಸಾಯದಿಂದ ಸರಿಪಡಿಸಬಹುದೇ?

ಮೆಥಿಯೋನಿನ್ ಗಂಧಕಯುಕ್ತ ಅಮೈನೋ ಆಮ್ಲ. ಗಂಧಕದ ಕೊರತೆಯಿರುವ ಮಣ್ಣಿನಲ್ಲಿ ಸೋಯಾ ಇಳುವರಿ ಮತ್ತು ಗುಣಮಟ್ಟ ಎರಡೂ ಕುಗ್ಗುತ್ತವೆ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಎಕರೆಗೆ ಸುಮಾರು 8 ಕೆ.ಜಿ. ಗಂಧಕವನ್ನು ಜಿಪ್ಸಂ ಅಥವಾ ಸಿಂಗಲ್ ಸೂಪರ್ ಫಾಸ್ಫೇಟ್ ರೂಪದಲ್ಲಿ ಬಿತ್ತನೆಯ ವೇಳೆ ಒದಗಿಸಿರಿ. ಆದರೆ ಬೀಜದ ಸಸಾರಜನಕದ ರಚನೆ ಬಹುಪಾಲು ಅನುವಂಶೀಯ. ಗೊಬ್ಬರವೊಂದರಿಂದಲೇ ಶಿಶುವಿನ ಅಗತ್ಯ ಪೂರೈಸದು.

ಆರು ತಿಂಗಳ ನಂತರ ಪೂರಕ ಆಹಾರ

ಧಾನ್ಯಗಳಲ್ಲಿ ಲೈಸಿನ್ ಕಡಿಮೆ, ಮೆಥಿಯೋನಿನ್ ತಕ್ಕಷ್ಟಿದೆ. ಹೀಗಾಗಿ ಧಾನ್ಯ ಮತ್ತು ಸೋಯಾ ಪರಸ್ಪರರ ಕೊರತೆಯನ್ನು ತುಂಬುತ್ತವೆ.

1. ಅಕ್ಕಿ, ರಾಗಿ ಅಥವಾ ಮೆಕ್ಕೆಜೋಳ 3 ಪಾಲು, ಸೋಯಾ 1 ಪಾಲು ಬಳಸಿರಿ.
2. ಸೋಯಾವನ್ನು ರಾತ್ರಿಯಿಡೀ ನೆನೆಸಿ ನೀರು ಬಸಿದು, ಹೊಸ ನೀರಿನಲ್ಲಿ 20 ನಿಮಿಷ ಕುದಿಸಿರಿ. ಹಸಿ ಸೋಯಾದಲ್ಲಿ ಜೀರ್ಣಕ್ರಿಯೆಯನ್ನು ತಡೆಯುವ ಅಂಶವಿದ್ದು, ಬಿಸಿಗೆ ಅದು ಬಹುಮಟ್ಟಿಗೆ ನಾಶವಾಗುತ್ತದೆ. ನಂತರ ಸಿಪ್ಪೆ ತೆಗೆದು, ಒಣಗಿಸಿ, ಹುರಿದು ಹಿಟ್ಟು ಮಾಡಿರಿ.
3. ಮೆಕ್ಕೆಜೋಳವನ್ನು ಶೇ. 12ರ ತೇವಾಂಶಕ್ಕೆ ಒಣಗಿಸಿ ಇಡಿರಿ. ಬೂಷ್ಟು ಹಿಡಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ವಿಷವಿರಬಹುದು; ಬೇಯಿಸಿದರೂ ಅದು ಹೋಗುವುದಿಲ್ಲ.
4. ಹಿಟ್ಟನ್ನು ಚೆನ್ನಾಗಿ ಬೇಯಿಸಿ ಗಂಜಿ ಮಾಡಿ, ಮೊದಲು ಒಂದೆರಡು ಚಮಚ ಮಾತ್ರ ನೀಡಿರಿ. ದದ್ದು, ವಾಂತಿ ಅಥವಾ ಭೇದಿ ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಎದೆಹಾಲನ್ನು ಮುಂದುವರಿಸಿರಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಸೋಯಾ ಮೌಲ್ಯವರ್ಧನೆಯ ತರಬೇತಿಗಳಲ್ಲಿ ಸೋಯಾ ಹಾಲನ್ನು ‘ಶಿಶುಗಳಿಗೂ ಉತ್ತಮ’ ಎಂದು ಹೇಳಬೇಡಿರಿ. ಶಿಶು ಹಾಲಿನ ಬದಲಿಗಳ ಪ್ರಚಾರವನ್ನು 1992ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಅನಂತರ ಧಾನ್ಯ–ಸೋಯಾ ಮಿಶ್ರಣ ಎಂಬ ಕ್ರಮವನ್ನು ತಾಯಂದಿರಿಗೆ ಸ್ಪಷ್ಟವಾಗಿ ತಿಳಿಸಿರಿ.