ಮೂರು ಸೆಲ್ಲಿನ ಗಣಕ

ಮಾರೇನಹಳ್ಳಿ, ವಿಜಯನಗರ, ಗೋವಿಂದರಾಜನಗರದಂಥ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ವಯಸ್ಸಾದ ದಂಪತಿಗಳಷ್ಟೇ ವಾಸಿಸುವ ಮನೆಗಳಿಗೆ ಕೊರತೆಯಿಲ್ಲ. ಮಕ್ಕಳು ನಗರದ ಇನ್ನೊಂದು ಮೂಲೆಯಲ್ಲೋ, ಹೊರದೇಶದಲ್ಲೋ ಇರುತ್ತಾರೆ. ಕರೆಂಟ್ ಬಿಲ್ಲು, ಪಿಂಚಣಿಯ ಜೀವನ ಪ್ರಮಾಣಪತ್ರ, ಮನೆಯ ಇ-ಖಾತಾ ಎಲ್ಲವೂ ಪರದೆಯ ಮೇಲೆ ಬಂದು ಕೂತಿರುವಾಗ ಅಪ್ಪ ಅಮ್ಮನಿಗೆ ಎಂಥ ಕಂಪ್ಯೂಟರ್ ಕೊಡಿಸಬೇಕೆಂಬ ಪ್ರಶ್ನೆ ಏಳುವುದು ಸಹಜ. ಬೆಲೆ ಕೈಗೆಟುಕಬೇಕು, ಕರೆಂಟು ಹೆಚ್ಚು ತಿನ್ನಬಾರದು. ಈ ಎರಡು ಷರತ್ತುಗಳನ್ನು ಮುಂದಿಟ್ಟುಕೊಂಡೇ ಕಾಲು ಶತಮಾನದ ಹಿಂದೆ ಇದೇ ಊರಿನಲ್ಲಿ ಒಂದು ಗಣಕ ರೂಪುಗೊಂಡಿತ್ತು. ಅದರ ಹೆಸರು ಸಿಂಪ್ಯೂಟರ್.

ಅದರ ಬೀಜ ಬಿದ್ದದ್ದು 1998ರಲ್ಲಿ, ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ನೆರವಾಗಬಲ್ಲದೆಂದು ಬೆಂಗಳೂರಿನಲ್ಲಿ ನಡೆದ ಅಂತಾರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತಿತರರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಸರಳ, ಅಗ್ಗ, ಬಹುಭಾಷಿಕ ಎಂಬರ್ಥದ ಇಂಗ್ಲಿಷ್ ಪದಗಳಿಂದ ಹೊರಟ ಹೆಸರದು. 2001ರಲ್ಲಿ ಅದರ ಮಾದರಿ ಜನರ ಮುಂದೆ ಬಂತು. ಅಂಗೈಯಲ್ಲಿ ಹಿಡಿಯಬಹುದಾದ ಈ ಯಂತ್ರಕ್ಕೆ ಅಂದುಕೊಂಡಿದ್ದ ಬೆಲೆ ಸುಮಾರು 9,000 ರೂಪಾಯಿ. ಟಿ.ವಿ. ರಿಮೋಟಿಗೆ ಹಾಕುವಂಥ ಮೂರು ಸಣ್ಣ ಸೆಲ್ಲುಗಳಲ್ಲಿ ಅದು ನಡೆಯುತ್ತಿತ್ತು.

ಮೂರು ಸೆಲ್ಲಿನಲ್ಲಿ ಗಣಕ ನಡೆದದ್ದು ಹೇಗೆ? ಅದರ ಮಿದುಳಾಗಿದ್ದದ್ದು ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಚಿಪ್. ಅದರ ಮೂಲ ಇಂಗ್ಲೆಂಡಿನ ಏಕಾರ್ನ್ ಕಂಪನಿ. ನಮ್ಮ ದೇಶದ ಶಾಲೆಗಳಿಗೆ 1984ರಲ್ಲಿ ‘ಕ್ಲಾಸ್’ ಯೋಜನೆಯಡಿ ಬಂದ ಬಿ.ಬಿ.ಸಿ. ಮೈಕ್ರೋ ಗಣಕವನ್ನು ರೂಪಿಸಿದ್ದು ಇದೇ ಕಂಪನಿ. ತನ್ನ ಮುಂದಿನ ಗಣಕಕ್ಕಾಗಿ ಅದು 1985ರಲ್ಲಿ ಆರ್ಮ್ ಚಿಪ್ ತಯಾರಿಸಿತು. ಹೆಚ್ಚು ಕರೆಂಟು ಎಳೆಯುವ ಚಿಪ್ ಬಿಸಿಯಾಗುತ್ತದೆ. ಬಿಸಿ ತಡೆಯಲು ದುಬಾರಿ ಸೆರಾಮಿಕ್ ಹೊದಿಕೆ ಬೇಕು. ಅಗ್ಗದ ಪ್ಲಾಸ್ಟಿಕ್ ಹೊದಿಕೆ ಸಾಕಾಗಬೇಕಾದರೆ ಚಿಪ್ ಒಂದು ವ್ಯಾಟ್‌ಗಿಂತ ಕಡಿಮೆ ಬಳಸಬೇಕಿತ್ತು. ಆದ್ದರಿಂದ ಆರ್ಮ್‌ನ ಕಥೆಯಲ್ಲಿ ಮಿತವ್ಯಯವೂ ಮಿತವಿದ್ಯುತ್ತೂ ಅವಳಿ ಮಕ್ಕಳು. ಇಂದು ಮೊಬೈಲ್ ಫೋನುಗಳಲ್ಲೂ, 2012ರಲ್ಲಿ 35 ಡಾಲರ್ ಬೆಲೆಗೆ ಬಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕದಲ್ಲೂ ಇರುವುದು ಇದೇ ವಂಶದ ಚಿಪ್.

ಆದರೆ ಸಿಂಪ್ಯೂಟರ್ ಮಾಡಿದವರು ಹೆಚ್ಚು ತಲೆ ಕೆಡಿಸಿಕೊಂಡದ್ದು ಬಳಸುವವರ ಬಗ್ಗೆ. ಓದಲು ಬಾರದವರೂ ಬಳಸಬೇಕೆಂದು ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ ತಯಾರಾಯಿತು. ಅದು ಓದುತ್ತಿದ್ದ ಭಾಷೆಗಳಲ್ಲಿ ಕನ್ನಡವೂ ಒಂದು. ಕೀಲಿಮಣೆಯ ಬದಲು ಪರದೆ ಮುಟ್ಟಿ ಕೆಲಸ ಮಾಡಬಹುದಿತ್ತು. ಒಂದೇ ಯಂತ್ರವನ್ನು ಹಲವರು ಬಳಸಲೆಂದು ಸ್ಮಾರ್ಟ್ ಕಾರ್ಡ್ ಕೊಟ್ಟರು. ಯಂತ್ರ ಊರಿನದು, ಕಾರ್ಡಿನಲ್ಲಿರುವ ಮಾಹಿತಿ ಮಾತ್ರ ಅವರವರದು.

2004ರ ಮಾರ್ಚಿನಲ್ಲಿ ‘ಅಮಿಡಾ’ ಎಂಬ ಹೆಸರಿನ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ತಯಾರಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್. ಆರಂಭದ ಬೆಲೆ ಸುಮಾರು 10,000 ರೂಪಾಯಿ. ಬಣ್ಣದ ಪರದೆಯದ್ದಕ್ಕೆ ಇನ್ನೂ ಹೆಚ್ಚು. ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗತೊಡಗಿತ್ತು. ದೊಡ್ಡ ಪ್ರಮಾಣದ ಸರಕಾರಿ ಬೇಡಿಕೆ ಬರಲಿಲ್ಲ. ಕನ್ನಡದಲ್ಲಿ ಓದಿಸಬಹುದಾದ ಉಪಯುಕ್ತ ಮಾಹಿತಿಯೂ ವಿರಳವಾಗಿತ್ತು. ಸಿಂಪ್ಯೂಟರ್ ಮರೆಗೆ ಸರಿಯಿತು.

ಆದರೆ ಅದು ಎತ್ತಿದ ಪ್ರಶ್ನೆಗಳು ಉಳಿದಿವೆ. ಬೆಲೆ ಮತ್ತು ವಿದ್ಯುತ್ತಿನ ಸಮಸ್ಯೆ ಬಹುಮಟ್ಟಿಗೆ ಬಗೆಹರಿದಿದೆ. ಹಳೆಯ ದಪ್ಪ ಪರದೆಯ ಗಣಕವೊಂದು 150 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಳ್ಳಿ. ದಿನಕ್ಕೆ 4 ಗಂಟೆ ಬಳಸಿದರೆ ತಿಂಗಳಿಗೆ 18 ಯೂನಿಟ್. 15 ವ್ಯಾಟಿನ ಸಣ್ಣ ಲ್ಯಾಪ್‌ಟಾಪಿಗೆ 2 ಯೂನಿಟ್ ಕೂಡ ಬೇಡ. ಒಳಗೇ ಬ್ಯಾಟರಿ ಇರುವುದರಿಂದ ಅದಕ್ಕೆ ಯು.ಪಿ.ಎಸ್. ಅಗತ್ಯವೂ ಇಲ್ಲ.

ಬಗೆಹರಿಯದೆ ಉಳಿದಿರುವುದು ಪರಾವಲಂಬನೆ. ಯಂತ್ರ ಮನೆಗೆ ಬಂದ ಮೇಲೂ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪಕ್ಕದ ಅಂಗಡಿಯ ಹುಡುಗನ ಕೈಗೆ ಕೊಡುವ ಹಿರಿಯರು ಎಷ್ಟೋ ಮಂದಿ. ಪಿಂಚಣಿಯ ದುಡ್ಡಿರುವ ಖಾತೆಯ ಬೀಗದ ಕೈಯನ್ನೇ ಪರರಿಗೆ ಕೊಟ್ಟಂತೆ ಇದು. ಸ್ಮಾರ್ಟ್ ಕಾರ್ಡಿನ ಹಿಂದೆ ಇದ್ದ ಎಚ್ಚರ ಇದೇ ಅಲ್ಲವೇ?

ಆದ್ದರಿಂದ ಕೊಳ್ಳುವಾಗ ಚಿಪ್ಪಿನ ವೇಗ ವಿಚಾರಿಸುವುದಕ್ಕಿಂತ ಅಪ್ಪ ಅಮ್ಮನನ್ನೇ ಅಂಗಡಿಗೆ ಕರೆದೊಯ್ದು ಯಂತ್ರದ ಮುಂದೆ ಕೂರಿಸುವುದು ಲೇಸು. ಅಕ್ಷರ ಕನ್ನಡಕವಿಲ್ಲದೆಯೂ ಕಾಣುವಷ್ಟು ದೊಡ್ಡದಾಗುತ್ತದೆಯೇ, ಕನ್ನಡದಲ್ಲಿ ಬರೆಯಲು ಅಥವಾ ಹೇಳಿ ಬರೆಸಲು ಆಗುತ್ತದೆಯೇ, ಬರೆದದ್ದನ್ನು ಅದು ಓದಿ ಹೇಳುತ್ತದೆಯೇ, ಇಬ್ಬರಿಗೂ ಬೇರೆ ಬೇರೆ ಪ್ರವೇಶ ಇಡಬಹುದೇ, ಕೆಟ್ಟರೆ ಹತ್ತಿರದಲ್ಲಿ ರಿಪೇರಿಯುಂಟೇ ಎಂದು ನೋಡಬೇಕು. ಬಿಲ್ಲೊಂದನ್ನು ಅವರೇ, ಯಾರ ನೆರವೂ ಇಲ್ಲದೆ ಕಟ್ಟುವವರೆಗೆ ನಾಲ್ಕು ದಿನ ಜೊತೆಯಲ್ಲಿ ಕೂತು ಕಲಿಸಲು ಮಕ್ಕಳು ಬಿಡುವು ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಸಿಗದ ಬಿಡಿಭಾಗ ಅದೊಂದೇ.